ಗೂದೆಹಣ್ಣಿನ ವಂಶಾವಳಿ



ಮುಂದಿನ ಸಲ ಮನೆಯಲ್ಲಿ ತರಕಾರಿ ತರಲು ಚೀಲ ಕೊಟ್ಟಾಗ ಒಂದು ಕೆಲಸ ಮಾಡಿ. ಟೊಮೇಟೊ ರಾಶಿಯ ಮುಂದೆ ಒಂದು ನಿಮಿಷ ಹೆಚ್ಚಾಗಿಯೇ ನಿಲ್ಲಿ. ಬೆಂಗಳೂರು, ಮೈಸೂರುಗಳ ಕಡೆಯಾದರೆ ಅಲ್ಲಿ ಸಾಮಾನ್ಯವಾಗಿ ಎರಡು ರಾಶಿಗಳಿರುತ್ತವೆ. ಒಂದರಲ್ಲಿ ಮೊಟ್ಟೆಯಂತೆ ನೀಳವಾದ, ಗಟ್ಟಿಯಾದ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಹಣ್ಣುಗಳು. ಇನ್ನೊಂದರಲ್ಲಿ ಚಪ್ಪಟೆಯಾದ, ಮೈಮೇಲೆ ಏಣುಗಳಿರುವ, ತೊಟ್ಟಿನ ಸುತ್ತ ಹಸಿರು ಛಾಯೆ ಉಳಿದಿರುವ, ಸ್ವಲ್ಪ ಒತ್ತಿದರೂ ಒಡೆಯುವಂತಹ ಹಣ್ಣುಗಳು. ಮೊದಲನೆಯದಕ್ಕೆ ಅಂಗಡಿಯವರು ‘ಫಾರಂ’ ಅಥವಾ ‘ಹೈಬ್ರಿಡ್’ ಎನ್ನುತ್ತಾರೆ. ಎರಡನೆಯದು ‘ನಾಟಿ’. ಉತ್ತರ ಕರ್ನಾಟಕದಲ್ಲಾದರೆ ‘ಜವಾರಿ’. ಸಾರಿಗೆ ಯಾವುದು ಬೇಕು ಎಂದು ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಉತ್ತರಕ್ಕೆ ಕಾಯಬೇಕಾಗುವುದಿಲ್ಲ.

ಆದರೆ ನಾನು ಕೇಳಬೇಕೆಂದಿರುವ ಪ್ರಶ್ನೆ ರುಚಿಯದಲ್ಲ. ಆ ನಾಟಿ ಹಣ್ಣು ಯಾರ ಮನೆಯಿಂದ ಬಂತು? ಯಾರು ಅದರ ಬೀಜ ಎತ್ತಿಟ್ಟಿದ್ದರು, ಅವರಿಗೆ ಯಾರು ಕೊಟ್ಟಿದ್ದರು? ನಮ್ಮ ಚರ್ಚಾ ಕಾರ್ಯಕ್ರಮಗಳಲ್ಲಿ ಬೀಜದ ಮಾತು ಬಂದಾಗಲೆಲ್ಲ ಬೆಲೆ, ಇಳುವರಿ, ರೋಗ ಇವುಗಳಲ್ಲೇ ಸಮಯ ಮುಗಿದು ಹೋಗುತ್ತದೆ. ಗಡಿಯಾರ ನೋಡಿಕೊಂಡು ‘ಮುಗಿಸಿ’ ಎಂದು ಗಾಜಿನ ಆಚೆಯಿಂದ ಕೈಸನ್ನೆ ಮಾಡುವವನು ನಾನೇ ಆದ್ದರಿಂದ ದೂರು ಹೇಳುವಂತಿಲ್ಲ. ಪರದೆಯ ಮೇಲೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಅರಸರಿಗೆ ಶಾಸನಗಳಿವೆ, ವಂಶಾವಳಿಗಳಿವೆ. ತರಕಾರಿಯ ಒಂದು ತಳಿಗೂ ವಂಶಾವಳಿ ಇದೆ. ವ್ಯತ್ಯಾಸವೆಂದರೆ, ಶಾಸನವನ್ನು 500 ವರ್ಷ ಯಾರೂ ಓದದಿದ್ದರೂ ಕಲ್ಲು ಅಲ್ಲೇ ಬಿದ್ದಿರುತ್ತದೆ. ಬೀಜವನ್ನು ಹತ್ತು ಹದಿನೈದು ವರ್ಷ ಯಾರೂ ಬಿತ್ತದಿದ್ದರೆ ಆ ಇತಿಹಾಸದ ವಸ್ತುವೇ ಇಲ್ಲವಾಗುತ್ತದೆ. ಒಂದು ಕುಟುಂಬ ಅಥವಾ ಒಂದು ಊರು ತಲೆಮಾರುಗಳ ಕಾಲ ಬಿತ್ತಿ, ಆರಿಸಿ, ಮತ್ತೆ ಬಿತ್ತಿ ಉಳಿಸಿಕೊಂಡ ತಳಿಯನ್ನು ಮನೆತನದ ತಳಿ ಎನ್ನೋಣ. ಅಮೆರಿಕದಲ್ಲಿ ಇದಕ್ಕೆ ಬಳಸುವ ‘ಏರ್‌ಲೂಮ್’ ಎಂಬ ಮಾತಿಗೂ ಪಿತ್ರಾರ್ಜಿತವಾಗಿ ಬಂದ ಒಡವೆ, ಪಾತ್ರೆ ಎಂಬ ಅರ್ಥವೇ ಇದೆ.

ಟೊಮೇಟೊ ನಮ್ಮದಲ್ಲ ಎಂಬುದು ನಿಮಗೆ ಗೊತ್ತು. ಶ್ರಾದ್ಧದ ಅಡುಗೆಗೆ ಅದನ್ನು ಇಂದಿಗೂ ಅನೇಕ ಮನೆಗಳಲ್ಲಿ ಬಳಸುವುದಿಲ್ಲ. ಪರದೇಶದಿಂದ ಬಂದದ್ದೆಂಬ ನೆನಪು ಅಡುಗೆಮನೆಯಲ್ಲಿ ಹಾಗೆ ಉಳಿದುಕೊಂಡಿದೆ. ಅದರ ಕಾಡು ಪೂರ್ವಜರು ದಕ್ಷಿಣ ಅಮೆರಿಕದ ಪೆರು, ಈಕ್ವೆಡಾರ್ ಪ್ರದೇಶದವು. ಬಟಾಣಿಯಷ್ಟು ಗಾತ್ರದ ಹಣ್ಣುಗಳು. ಅವು ಉತ್ತರಕ್ಕೆ ಸಾಗಿ ಮೆಕ್ಸಿಕೊದ ರೈತರ ಕೈಯಲ್ಲಿ ದೊಡ್ಡವಾದವು. ಅಲ್ಲಿನ ನಹುಆಟ್ಲ್ ಭಾಷೆಯ ‘ಟೊಮಾಟ್ಲ್’ ಎಂಬ ಪದವೇ ನಮ್ಮ ‘ಟೊಮೇಟೊ’. 16ನೆಯ ಶತಮಾನದಲ್ಲಿ ಬರ್ನಾರ್ಡಿನೊ ದೆ ಸಹಾಗುನ್ ಎಂಬ ಸ್ಪ್ಯಾನಿಷ್ ಪಾದ್ರಿ ಅಲ್ಲಿನ ವಿದ್ವಾಂಸರ ನೆರವಿನಿಂದ ಆ ಜನರ ಬದುಕನ್ನು ಅವರದೇ ಭಾಷೆಯಲ್ಲಿ ದಾಖಲಿಸಿದ. ಅದರಲ್ಲಿ ಸಂತೆಯ ಟೊಮೇಟೊ ವ್ಯಾಪಾರಿಯ ವರ್ಣನೆ ಬರುತ್ತದೆ. ಆತನ ಬಳಿ ದೊಡ್ಡವು, ಸಣ್ಣವು, ಸಿಹಿಯವು, ಹಳದಿಯವು, ಕಡು ಹಳದಿಯವು, ಕೆಂಪಿನ ಹಲವು ಛಾಯೆಯವು ಎಲ್ಲವೂ ಇದ್ದವು. ಅಂದರೆ ಇಂದು ಹಳದಿ ಟೊಮೇಟೊ ಕಂಡು ‘ಇದೆಂಥ ವಿಚಿತ್ರ’ ಎಂದು ನಾವು ಹುಬ್ಬೇರಿಸುವಾಗ, ವಿಚಿತ್ರವಾಗಿರುವುದು ನಮ್ಮ ಏಕರೂಪದ ಕೆಂಪು ರಾಶಿಯೇ ಹೊರತು ಆ ಹಣ್ಣಲ್ಲ. ಇಟಲಿಯ ಮತ್ತಿಯೋಲಿ ಎಂಬ ಸಸ್ಯತಜ್ಞ 1554ರಲ್ಲಿ ಈ ಹಣ್ಣಿಗೆ ದಾಖಲಿಸಿದ ಹೆಸರಿನ ಅರ್ಥವೂ ‘ಚಿನ್ನದ ಸೇಬು’.

ನಮ್ಮವರು ಇದಕ್ಕೆ ಕೊಟ್ಟ ಹೆಸರುಗಳನ್ನೂ ನೋಡಿ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಗೂದೆಹಣ್ಣು. ಇನ್ನು ಕೆಲವೆಡೆ ಚಪ್ಪರಬದನೆ. ಈ ಎರಡನೆಯ ಹೆಸರು ನನಗೆ ಬಹಳ ಮೆಚ್ಚುಗೆ. ನಾನು ಬಿ.ಎಸ್ಸಿ. ಓದುವಾಗ ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಬರೆದ ವೈಜ್ಞಾನಿಕ ಹೆಸರು ‘ಲೈಕೊಪರ್ಸಿಕಾನ್ ಎಸ್ಕುಲೆಂಟಮ್’. ಲಿನೇಯಸ್ 1753ರಲ್ಲಿ ಇದನ್ನು ಬದನೆಯ ಕುಲವಾದ ‘ಸೊಲಾನಮ್’ಗೆ ಸೇರಿಸಿದ್ದ, ಮರುವರ್ಷವೇ ಫಿಲಿಪ್ ಮಿಲ್ಲರ್ ಬೇರೆ ಕುಲ ಮಾಡಿದ. ಎರಡು ಶತಮಾನಗಳ ನಂತರ ಡಿಎನ್‌ಎ ಅಧ್ಯಯನಗಳು ಇದನ್ನು ಮತ್ತೆ ಬದನೆಯ ಕುಲಕ್ಕೇ ತಂದು ಸೇರಿಸಿವೆ. ಚಪ್ಪರಕ್ಕೆ ಹಬ್ಬುವ ಬದನೆ ಎಂದು ಹೆಸರಿಟ್ಟ ಅನಾಮಿಕ ರೈತ ಲಿನೇಯಸ್‌ನ ಪಕ್ಷ!

ನಮ್ಮ ಮನೆಯ ಹಿತ್ತಿಲಲ್ಲೂ ಒಂದು ಗೂದೆಹಣ್ಣಿತ್ತು. ಈಗಿಲ್ಲ. ಆ ಮಾತು ಆಮೇಲೆ.

ಬೀಜ ಎತ್ತಿಡುವುದು ಸುಲಭದ ಕೆಲಸವೆಂದು ಕಾಣುತ್ತದೆ. ಚೆನ್ನಾಗಿರುವ ಹಣ್ಣು ಆರಿಸು, ಬೀಜ ತೆಗೆ, ಒಣಗಿಸು. ಅಮೆರಿಕದ ಓಹಾಯೊ ರಾಜ್ಯದ ರೇನಾಲ್ಡ್ಸ್‌ಬರ್ಗ್‌ನ ಅಲೆಕ್ಸಾಂಡರ್ ಲಿವಿಂಗ್‌ಸ್ಟನ್ ಎಂಬ ಬೀಜ ವ್ಯಾಪಾರಿ 19ನೆಯ ಶತಮಾನದ ಮಧ್ಯಭಾಗದಲ್ಲಿ ಹೀಗೆಯೇ ಮಾಡಿದ. ಆ ಕಾಲದ ಹಣ್ಣುಗಳು ಬಹುಮಟ್ಟಿಗೆ ಏಣೇಣಾಗಿ, ಒಳಗೆ ಟೊಳ್ಳಾಗಿ ಇರುತ್ತಿದ್ದವು. ಆತನಿಗೆ ನುಣುಪಾದ, ದುಂಡನೆಯ, ಹೂರಣ ತುಂಬಿದ ಹಣ್ಣು ಬೇಕಿತ್ತು. ಸಿಕ್ಕ ಹಣ್ಣುಗಳಲ್ಲೆಲ್ಲ ಅತ್ಯುತ್ತಮವಾದದ್ದನ್ನು ಆರಿಸಿ ವರ್ಷ ವರ್ಷವೂ ಬಿತ್ತಿದ. ಪ್ರತಿ ವರ್ಷವೂ ಏಣಿನ ಹಣ್ಣುಗಳೇ ಮರಳಿ ಬಂದವು. ಕೊನೆಗೊಮ್ಮೆ ಆತ ಹಣ್ಣನ್ನು ಬಿಟ್ಟು ಗಿಡವನ್ನು ನೋಡತೊಡಗಿದ. ಹೊಲದಲ್ಲಿ ಒಂದು ಗಿಡದ ಎಲ್ಲ ಹಣ್ಣುಗಳೂ, ಗಾತ್ರದಲ್ಲಿ ಸಣ್ಣವಾದರೂ, ಒಂದೇ ಸಮ ನುಣುಪಾಗಿದ್ದವು. ಆ ಇಡೀ ಗಿಡದ ಬೀಜವನ್ನು ಪ್ರತ್ಯೇಕವಾಗಿ ಬಿತ್ತಿ, ಮತ್ತೆ ಆರಿಸುತ್ತ ಹೋದ. 1870ರಲ್ಲಿ ‘ಪ್ಯಾರಗಾನ್’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು.

ಇದರಲ್ಲಿ ಏನಿದೆ ವಿಶೇಷ ಎಂದು ಕೇಳಬೇಡಿ. ಒಂದು ಗಿಡದಲ್ಲಿ ದೊಡ್ಡ ಹಣ್ಣೂ ಇರುತ್ತದೆ, ಸಣ್ಣ ಹಣ್ಣೂ ಇರುತ್ತದೆ. ಹೊರನೋಟಕ್ಕೆ ಅವು ಬೇರೆ ಬೇರೆ. ಎರಡರ ಬೀಜದೊಳಗೂ ಇರುವುದು ಅದೇ ಗಿಡದ ಅನುವಂಶೀಯ ಗುಣ. ಬೇರೆಯವುಗಳ ನಡುವೆ ಒಂದು ಸುಂದರ ಹಣ್ಣನ್ನು ಆರಿಸಿದರೆ ಬಹಳಷ್ಟು ಸಲ ನೀವು ಆರಿಸುವುದು ಅದಕ್ಕೆ ಬಿದ್ದ ಬಿಸಿಲನ್ನು, ಸಿಕ್ಕಿದ ಗೊಬ್ಬರವನ್ನು. ಮೆಂಡೆಲ್ ತನ್ನ ಬಟಾಣಿ ಪ್ರಯೋಗಗಳನ್ನು 1866ರಲ್ಲಿ ಪ್ರಕಟಿಸಿದ್ದರೂ ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ. ಹೊಲದಲ್ಲಿ ಸೋತು ಸೋತು ಲಿವಿಂಗ್‌ಸ್ಟನ್ ಅದಕ್ಕೂ ಮೊದಲೇ ತನಗೆ ಬೇಕಾದಷ್ಟನ್ನು ಕಲಿತಿದ್ದ. ನಮ್ಮ ಹಳ್ಳಿಗಳಲ್ಲಿ ಅವರೆ, ಸೌತೆಗಳಿಗೆ ‘ಬೀಜಕ್ಕೆ ಬಿಟ್ಟ ಗಿಡ’ ಎಂದು ಒಂದನ್ನು ಮುಟ್ಟದೆ ಉಳಿಸುತ್ತಾರಲ್ಲ, ಅದರ ಹಿಂದಿನ ವಿವೇಕವೂ ಇದೇ ಬಗೆಯದು. ತಮಾಷೆಯೆಂದರೆ, ಅಂದು ಅತ್ಯಾಧುನಿಕವೆನಿಸಿದ್ದ ಲಿವಿಂಗ್‌ಸ್ಟನ್‌ನ ತಳಿಗಳನ್ನು ಇಂದು ಹಳೆಯ ತಳಿಗಳ ಸಂಗ್ರಾಹಕರು ಅಪರೂಪದ ವಸ್ತುವೆಂದು ಹುಡುಕಿ ಬೆಳೆಯುತ್ತಾರೆ.

ಟೊಮೇಟೊ ಬೀಜ ಮನೆಗಳಲ್ಲಿ ಉಳಿದು ಬಂದುದಕ್ಕೆ ಹೂವಿನ ರಚನೆಯೂ ಕಾರಣ. ಅದರ ಪರಾಗಕೋಶಗಳು ಒಂದಕ್ಕೊಂದು ಕೂಡಿಕೊಂಡು ಹಳದಿ ಕೊಳವೆಯಾಗಿರುತ್ತವೆ. ಶಲಾಕೆ ಅದರೊಳಗೇ ಅಡಗಿರುತ್ತದೆ. ಆದ್ದರಿಂದ ಬಹುತೇಕ ಸ್ವಕೀಯ ಪರಾಗಸ್ಪರ್ಶವೇ ನಡೆದು, ತಾಯಿ ಗಿಡದಂತೆಯೇ ಮಗಳು ಗಿಡ ಬರುತ್ತದೆ. ಸೌತೆ, ಕುಂಬಳಗಳಂತೆ ಪಕ್ಕದ ಹಿತ್ತಿಲಿನ ತಳಿಯೊಡನೆ ಬೆರೆತು ಹೋಗುವ ಭಯ ಕಡಿಮೆ. ಕೆಲವು ಹಳೆಯ ತಳಿಗಳಲ್ಲಿ ಶಲಾಕೆ ಕೊಳವೆಯಿಂದ ಹೊರಚಾಚಿರುತ್ತದೆ, ಅಲ್ಲಿ ಎಚ್ಚರ ಬೇಕು.

ಈಗ ಕೆಲವು ಮನೆಗಳ ಕಥೆಗೆ ಬರೋಣ. ನಮ್ಮ ನಾಡಿನ ಹಿತ್ತಿಲುಗಳ ಇಂತಹ ಕಥೆಗಳನ್ನು ಯಾರೂ ಬರೆದಿಡಲಿಲ್ಲ. ಆದ್ದರಿಂದ ಬರೆದಿಟ್ಟವರ ದೇಶಕ್ಕೇ ಹೋಗಬೇಕಾಗಿದೆ.

ಜರ್ಮನಿಯ ಬವೇರಿಯಾದಿಂದ ಅಮೆರಿಕದ ಅಯೋವಾಕ್ಕೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ವಲಸೆ ಹೋದ ಒಂದು ಕುಟುಂಬ ತನ್ನೊಡನೆ ಗುಲಾಬಿ ಬಣ್ಣದ ಟೊಮೇಟೊ ಬೀಜವನ್ನೂ ನೇರಳೆಯ ಬಳ್ಳಿಹೂವೊಂದರ ಬೀಜವನ್ನೂ ಒಯ್ದಿತ್ತು. ಆ ಮನೆತನದ ಬ್ಯಾಪ್ಟಿಸ್ಟ್ ಆಟ್ ಎಂಬ ಅಜ್ಜ 1970ರ ದಶಕದ ಆರಂಭದಲ್ಲಿ ಅವುಗಳನ್ನು ಮೊಮ್ಮಗಳು ಡಯೇನ್ ಮತ್ತು ಆಕೆಯ ಪತಿ ಕೆಂಟ್ ವೀಲಿ ಅವರಿಗೆ ಕೊಟ್ಟರು. ಸ್ವಲ್ಪ ಕಾಲದಲ್ಲೇ ಅಜ್ಜ ತೀರಿಕೊಂಡರು. ಆ ದಂಪತಿಗಳಿಗೆ ಹೊಳೆದ ಸಂಗತಿ ಬಹಳ ಸರಳ: ಅಜ್ಜ ಕೊಡದೇ ಹೋಗಿದ್ದರೆ ನಾಲ್ಕು ತಲೆಮಾರಿನ ಬೀಜ ಅವರೊಡನೆಯೇ ಹೋಗಿಬಿಡುತ್ತಿತ್ತು. ಇಂಥ ಅಜ್ಜಂದಿರು ಇನ್ನೆಷ್ಟು ಮಂದಿ ಇದ್ದಾರು? 1975ರಲ್ಲಿ ಅವರು ಬೀಜ ವಿನಿಮಯದ ಒಂದು ಪುಟ್ಟ ಬಳಗ ಕಟ್ಟಿದರು. ಬಂಡವಾಳ ಅಂಚೆಚೀಟಿ ಮಾತ್ರ. ಯಾರ ಬಳಿ ಯಾವ ಬೀಜವಿದೆ ಎಂಬ ಪಟ್ಟಿ, ಪತ್ರ ಬರೆದವರಿಗೆ ಬೀಜ. ‘ಸೀಡ್ ಸೇವರ್ಸ್ ಎಕ್ಸ್‌ಚೇಂಜ್’ ಎಂಬ ಆ ಸಂಸ್ಥೆ ಈಗ ಅಯೋವಾದ ಡೆಕೋರಾ ಬಳಿ ತನ್ನದೇ ತೋಟದಲ್ಲಿ ಸಾವಿರಾರು ತಳಿಗಳನ್ನು ಕಾಪಾಡುತ್ತಿದೆ.

ಎರಡನೆಯ ಕಥೆ ವೆಸ್ಟ್ ವರ್ಜೀನಿಯಾದ ಲೋಗನ್ ಎಂಬ ಊರಿನ ಎಂ. ಸಿ. ಬೈಲ್ಸ್ ಅವರದು. ಕಡಿದಾದ ಗುಡ್ಡದ ಬುಡದಲ್ಲಿ ಅವರ ಗ್ಯಾರೇಜು. ಏರು ಹತ್ತಲಾರದೆ ರೇಡಿಯೇಟರ್ ಕುದಿದು ನಿಂತ ಲಾರಿಗಳೇ ಗಿರಾಕಿಗಳು. ಹಾಗಾಗಿ ‘ರೇಡಿಯೇಟರ್ ಚಾರ್ಲಿ’ ಎಂಬ ಅಡ್ಡಹೆಸರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲ. ಮನೆಯ ಮೇಲೆ ಸಾಲ. ಸಸ್ಯಶಾಸ್ತ್ರದ ಗಂಧವಿಲ್ಲದ ಆ ಮೆಕಾನಿಕ್ ದೊಡ್ಡ ಹಣ್ಣು ಬಿಡುವ ಕೆಲವು ತಳಿಗಳನ್ನು ವೃತ್ತಾಕಾರವಾಗಿ ನೆಟ್ಟು, ನಡುವೆ ಒಂದು ಗಿಡ ನಿಲ್ಲಿಸಿದರು. ಮಗುವಿನ ಕಿವಿ ತೊಳೆಯುವ ರಬ್ಬರ್ ಪಿಚಕಾರಿಯಲ್ಲಿ ಸುತ್ತಲಿನ ಹೂಗಳ ಪರಾಗ ಹೀರಿ ನಡುವಿನ ಗಿಡದ ಹೂಗಳಿಗೆ ಹಾಕಿದರು. ಆರು ವರ್ಷ ಆರಿಸಿ ಆರಿಸಿ ಒಂದು ಸ್ಥಿರವಾದ ತಳಿ ಮಾಡಿಕೊಂಡರು. ಅದರ ಸಸಿಯೊಂದಕ್ಕೆ ಒಂದು ಡಾಲರ್. ಜನ ದೂರದೂರದಿಂದ ಬಂದು ಕೊಂಡೊಯ್ದರು. ಆರು ಸಾವಿರ ಡಾಲರ್ ಸಾಲ ಆರು ವರ್ಷಗಳಲ್ಲಿ ತೀರಿತು. ಆ ಹಣ್ಣಿನ ಹೆಸರೇ ‘ಮಾರ್ಟ್‌ಗೇಜ್ ಲಿಫ್ಟರ್’, ಅಂದರೆ ಸಾಲ ತೀರಿಸಿದ್ದು. ಮುಪ್ಪಿನಲ್ಲಿ ಅವರು ಹೇಳಿದ ಮಾತುಗಳನ್ನು ಯಾರೋ ಧ್ವನಿಮುದ್ರಿಸಿಕೊಂಡದ್ದರಿಂದ ಇಷ್ಟು ವಿವರ ನಮಗೆ ತಿಳಿದಿದೆ. ನನ್ನ ವೃತ್ತಿಯವರಿಗೆ ಹೆಮ್ಮೆ ಪಡಲು ಸಿಗುವ ಅವಕಾಶ ಕಡಿಮೆ, ಇದೊಂದು.

ಮೂರನೆಯ ಕಥೆಯನ್ನು ಮಾತ್ರ ನೀವು ಇತಿಹಾಸದ ವಿದ್ಯಾರ್ಥಿಗಳಾಗಿ, ಸ್ವಲ್ಪ ಅನುಮಾನದಿಂದಲೇ ಓದಬೇಕು. 1990ರಲ್ಲಿ ನಾರ್ತ್ ಕೆರೊಲೈನಾದ ಕ್ರೇಗ್ ಲೆಹೂಲಿಯರ್ ಎಂಬ ರಸಾಯನಶಾಸ್ತ್ರಜ್ಞರಿಗೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಕಳುಹಿಸಿದವರು ಟೆನೆಸಿ ರಾಜ್ಯದ ಜೆ. ಡಿ. ಗ್ರೀನ್. ಜೊತೆಗಿದ್ದ ಪತ್ರದ ಸಾರ ಇಷ್ಟು: ಇದು ನೇರಳೆ ಬಣ್ಣದ ಟೊಮೇಟೊ, ನೆರೆಹೊರೆಯವರ ಮೂಲಕ ಬಂದದ್ದು, ನೂರು ವರ್ಷಗಳ ಹಿಂದೆ ಚೆರೊಕೀ ಮೂಲನಿವಾಸಿಗಳಿಂದ ಆ ಮನೆಯವರಿಗೆ ಸಿಕ್ಕಿತಂತೆ. ಬಿತ್ತಿದಾಗ ಬಂದ ಹಣ್ಣು ಪೆಟ್ಟು ಬಿದ್ದು ಕಂದಿದ ಚರ್ಮದ ಬಣ್ಣದ್ದು. ಇದನ್ನು ಯಾರು ಕೊಂಡಾರು ಎಂಬ ಅನುಮಾನ ಬೀಜದ ವ್ಯಾಪಾರಿಗೂ ಇತ್ತು. ಆದರೆ ರುಚಿ ಗೆದ್ದಿತು. ಲೆಹೂಲಿಯರ್ ಅದಕ್ಕೆ ‘ಚೆರೊಕೀ ಪರ್ಪಲ್’ ಎಂದು ಹೆಸರಿಟ್ಟರು. ಇಂದು ಹಳೆಯ ತಳಿಗಳಲ್ಲೆಲ್ಲ ಅತಿ ಹೆಚ್ಚು ಜನಪ್ರಿಯವಾದವುಗಳಲ್ಲಿ ಅದೂ ಒಂದು.

ಇಲ್ಲಿ ದಾಖಲೆ ಯಾವುದು, ಐತಿಹ್ಯ ಯಾವುದು? 1990ರ ಪತ್ರ ದಾಖಲೆ. ಅದಕ್ಕಿಂತ ಹಿಂದಿನ ನೂರು ವರ್ಷ ‘ಅಂತೆ’. ಚೆರೊಕೀ ಜನರನ್ನು 1838ರಲ್ಲಿ ಅಮೆರಿಕದ ಸರ್ಕಾರ ಅವರ ನೆಲದಿಂದ ಸೈನ್ಯದ ಬಲದಿಂದ ಪಶ್ಚಿಮಕ್ಕೆ ಅಟ್ಟಿತು. ಸಾವಿರಾರು ಮಂದಿ ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತರು. ಕೆಲವರು ಪೂರ್ವದ ಬೆಟ್ಟಗಳಲ್ಲೇ ಉಳಿದರು. ಆ ಬೀಜವನ್ನು ಕೈಯಿಂದ ಕೈಗೆ ದಾಟಿಸಿದ ಚೆರೊಕೀ ಹೆಂಗಸೋ ಗಂಡಸೋ ಇದ್ದದ್ದು ನಿಜವಾದರೆ, ಆ ವ್ಯಕ್ತಿಯ ಹೆಸರು ನಮಗಿಲ್ಲ. ಹೆಸರಿರುವುದು ಪತ್ರ ಬರೆದವರದು ಮತ್ತು ಪಡೆದವರದು. ನಿಜವಲ್ಲವಾದರೆ, ಒಂದು ಜನಾಂಗದ ಹೆಸರನ್ನು ಹಣ್ಣು ಸುಮ್ಮನೆ ಹೊತ್ತು ತಿರುಗುತ್ತಿದೆ. ನನ್ನ ಮಟ್ಟಿಗೆ, ಕಥೆಯನ್ನು ‘ಅಂತೆ’ಯ ಸಹಿತವೇ ಹೇಳುವುದು ಸರಿ. ‘ಬ್ರಾಂಡಿವೈನ್’ ಎಂಬ ಮತ್ತೊಂದು ಪ್ರಸಿದ್ಧ ತಳಿಯದೂ ಹೀಗೆಯೇ. 1889ರಲ್ಲಿ ಫಿಲಡೆಲ್ಫಿಯಾದ ಒಂದು ಬೀಜದ ಪಟ್ಟಿಯಲ್ಲಿ ಆ ಹೆಸರಿದೆ. ಹೆಸರು ಒಂದೇ ಎಂದ ಮಾತ್ರಕ್ಕೆ ಇಂದಿನ ಗಿಡ ಅದೇ ಎನ್ನಲಾಗದು. ಒಂದೇ ಹೆಸರಿನ ಇಬ್ಬರು ಅರಸರನ್ನು ಒಬ್ಬನೇ ಎಂದು ತಿಳಿಯುವ ತಪ್ಪು ಪರೀಕ್ಷೆಯಲ್ಲಿ ಎಷ್ಟು ಅಂಕ ಕಳೆಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆ ನೇರಳೆ ಬಣ್ಣದ ಗುಟ್ಟು ಕೇಳಿ. ಸಾಮಾನ್ಯ ಟೊಮೇಟೊ ಹಣ್ಣಾಗುವಾಗ ಹಸಿರಿನ ಕ್ಲೋರೊಫಿಲ್ ಕರಗಿ, ಕೆಂಪಿನ ಲೈಕೊಪೀನ್ ತುಂಬಿಕೊಳ್ಳುತ್ತದೆ. ಒಂದು ವಂಶವಾಹಿಯ ಬದಲಾವಣೆಯಿಂದ ಕ್ಲೋರೊಫಿಲ್ ಕರಗದೇ ಉಳಿದರೆ ಕೆಂಪು ಹಸಿರು ಬೆರೆತು ಕಂದು ನೇರಳೆ. ಗುಲಾಬಿ ಬಣ್ಣದ ಟೊಮೇಟೊ ಇನ್ನೂ ಸರಳ. ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ಸುಲಿದು ನೋಡಿ. ಕೆಂಪು ಟೊಮೇಟೊದ ಸಿಪ್ಪೆ ಹಳದಿ, ಗುಲಾಬಿಯದರ ಸಿಪ್ಪೆ ನೀರಿನಂತೆ ಬಣ್ಣವಿಲ್ಲದ್ದು. ಒಳಗಿನ ಕೆಂಪು ಎರಡರಲ್ಲೂ ಒಂದೇ.

ಹಾಗಾದರೆ ಇಷ್ಟೆಲ್ಲ ವೈವಿಧ್ಯ ಎಲ್ಲಿ ಹೋಯಿತು? ಒಬ್ಬ ಖಳನಾಯಕನನ್ನು ತೋರಿಸಿ ಕಥೆ ಮುಗಿಸಬಹುದು. ಆದರೆ ಅದು ಸತ್ಯವಾಗದು. ಅಮೆರಿಕದಲ್ಲಿ 1949ರಲ್ಲಿ ಬರ್ಪಿ ಕಂಪನಿಯ ‘ಬಿಗ್ ಬಾಯ್’ ಎಂಬ ಮಿಶ್ರತಳಿ ಬಂದು ಮನೆಮಾತಾಯಿತು. ನಮ್ಮಲ್ಲಿ 1973ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ಟೊಮೇಟೊ ಮಿಶ್ರತಳಿಯೊಂದನ್ನು ಬಿಡುಗಡೆ ಮಾಡಿತು. ಅದರ ಹೆಸರು ‘ಕರ್ನಾಟಕ’! ಮೈಸೂರು ರಾಜ್ಯ ಕರ್ನಾಟಕವಾದದ್ದೂ ಅದೇ ವರ್ಷ. ಮುಂದೆ ರಾಣೆಬೆನ್ನೂರಿನ ಸುತ್ತಮುತ್ತ ಮಿಶ್ರತಳಿ ಬೀಜೋತ್ಪಾದನೆ ದೊಡ್ಡ ಕಸುಬಾಗಿ ಬೆಳೆಯಿತು. ಅಲ್ಲಿ ಚಿಮಟ ಹಿಡಿದ ಕೈಗಳು ಮೊಗ್ಗಿನಿಂದ ಪರಾಗಕೋಶ ಕಿತ್ತು, ಇನ್ನೊಂದು ತಳಿಯ ಪರಾಗ ಸವರಿ, ಒಂದೊಂದೇ ಹೂವಿಗೆ ಗುರುತು ಮಾಡುತ್ತವೆ. ರೇಡಿಯೇಟರ್ ಚಾರ್ಲಿಯ ಪಿಚಕಾರಿ ಕೆಲಸವೇ, ಬಹು ದೊಡ್ಡ ಪ್ರಮಾಣದಲ್ಲಿ.

ಆದರೆ ಚಾರ್ಲಿ ಆರು ವರ್ಷ ಆರಿಸಿ ತಳಿಯನ್ನು ಸ್ಥಿರಗೊಳಿಸಿದ್ದರು. ಎಫ್1 ಮಿಶ್ರತಳಿಯಲ್ಲಿ ಅದಿಲ್ಲ. ಅದರ ಹಣ್ಣಿನ ಬೀಜ ಬಿತ್ತಿದರೆ ಮೆಂಡೆಲ್ ಹೇಳಿದಂತೆ ಮುಂದಿನ ಪೀಳಿಗೆ ಚದುರಿ ಹೋಗುತ್ತದೆ. ಒಂದೊಂದು ಗಿಡ ಒಂದೊಂದು ಬಗೆ. ಆದ್ದರಿಂದ ರೈತ ಪ್ರತಿ ಬೆಳೆಗೂ ಅಂಗಡಿಗೆ ಹೋಗುತ್ತಾನೆ, ಮತ್ತು ಮನೆಯಲ್ಲಿ ಬೀಜ ಎತ್ತಿಡುವ ಅಭ್ಯಾಸ ಸದ್ದಿಲ್ಲದೆ ನಿಂತು ಹೋಗುತ್ತದೆ. ಅವನನ್ನು ದೂರುವಂತಿಲ್ಲ. ಕೋಲಾರದ ಮಾರುಕಟ್ಟೆಯಿಂದ ಲಾರಿಯಲ್ಲಿ ಎರಡು ಮೂರು ದಿನ ಪ್ರಯಾಣ ಮಾಡುವ ಹಣ್ಣು ಗಟ್ಟಿಯಾಗಿಯೇ ಇರಬೇಕು. ಎಲೆ ಮುರುಟು ನಂಜುರೋಗ ಬಂದರೆ ನಾಟಿ ಗಿಡಕ್ಕೆ ರಕ್ಷಣೆಯಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಮಿಶ್ರತಳಿ ಈ ನಂಜುರೋಗವನ್ನೂ ಇನ್ನೆರಡು ರೋಗಗಳನ್ನೂ ತಡೆಯಬಲ್ಲದು. ಅಂಥ ಕೆಲಸವನ್ನು ಹಗುರವಾಗಿ ಕಾಣಬಾರದು.

ಕಳೆದುಕೊಂಡದ್ದೂ ಇದೆ. ನಾಟಿ ಹಣ್ಣಿನ ತೊಟ್ಟಿನ ಸುತ್ತಲಿನ ಹಸಿರನ್ನು ಆರಂಭದಲ್ಲಿ ಹೇಳಿದೆ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಆ ಹಸಿರಿಲ್ಲದೆ ಒಂದೇ ಸಮ ಕೆಂಪಾಗುವ ಒಂದು ವ್ಯತ್ಯಾಸ ಕಾಣಿಸಿತು. ನೋಡಲು ಚೆಂದ, ಕೊಯ್ಯಲು ಅನುಕೂಲ. ತಳಿ ತಜ್ಞರು ಅದನ್ನು ತಳಿಯಿಂದ ತಳಿಗೆ ಹರಡಿದರು. 2012ರಲ್ಲಿ ವಿಜ್ಞಾನಿಗಳು ಆ ವಂಶವಾಹಿಯನ್ನು ಗುರುತಿಸಿದಾಗ ತಿಳಿದದ್ದು, ಕಾಯಿಯ ಹಸಿರು ಸಕ್ಕರೆ ತಯಾರಿಸುವ ಅಡುಗೆಮನೆ, ಅದನ್ನು ಮುಚ್ಚಿದ್ದರಿಂದ ಹಣ್ಣಿನ ಸಿಹಿಯೂ ಕುಗ್ಗಿದೆ ಎಂಬುದು. 2017ರಲ್ಲಿ ಹಳೆಯ, ಹೊಸ, ಕಾಡು ಬಗೆಗಳೆಲ್ಲ ಸೇರಿ 398 ಟೊಮೇಟೊಗಳನ್ನು ಪರೀಕ್ಷಿಸಿದ ಇನ್ನೊಂದು ತಂಡ, ಇಂದಿನ ತಳಿಗಳಲ್ಲಿ ಪರಿಮಳದ ಅನೇಕ ರಾಸಾಯನಿಕಗಳು ಕಡಿಮೆಯಾಗಿರುವುದನ್ನು ತೋರಿಸಿತು. ಹಾಗೆ ಹೋಲಿಸಿ ಹೇಳಲು ಹಳೆಯ ತಳಿಗಳು ಎಲ್ಲಿಯೋ ಜೀವಂತವಾಗಿ ಇದ್ದವಲ್ಲ, ಅದನ್ನು ಗಮನಿಸಿ. ಇಲ್ಲದಿದ್ದರೆ ಏನು ಹೋಗಿದೆ ಎಂಬುದೂ ತಿಳಿಯುತ್ತಿರಲಿಲ್ಲ.

ನೀವು ಬೆಳೆಯಬೇಕೆಂದಿದ್ದರೆ ನನ್ನ ತಾರಸಿಯ ಅನುಭವದಿಂದ ನಾಲ್ಕು ಮಾತು. ವಿದೇಶದಲ್ಲಿರುವ ಮಾವನಿಗೆ ಬೀಜ ತರಲು ಹೇಳಬೇಡಿ. ಅನುಮತಿ ಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಹೊರದೇಶದ ಬೀಜ ತರುವುದು ನಮ್ಮ ಕಾನೂನಿಗೆ ವಿರುದ್ಧ, ಮತ್ತು ಬೀಜದೊಡನೆ ರೋಗವೂ ಬರಬಹುದು. ಹಳೆಯ ತಳಿಗಳನ್ನು ಇಲ್ಲೇ ಬೆಳೆದು ಬೀಜ ಕೊಡುವವರಿದ್ದಾರೆ. ಶಿರಸಿಯ ‘ವನಸ್ತ್ರೀ’ ಬಳಗದ ಮಲೆನಾಡಿನ ಹೆಣ್ಣುಮಕ್ಕಳು ಈ ಶತಮಾನದ ಆರಂಭದಿಂದ ಹಿತ್ತಿಲ ಬೀಜಗಳನ್ನು ಕೂಡಿಸಿ ಹಂಚುತ್ತ ಬಂದಿದ್ದಾರೆ. ಮಳೆಗಾಲ ಕಳೆದ ಮೇಲೆ ಬಿತ್ತಿ. ರಾತ್ರಿಯ ಸೆಕೆ ಹೆಚ್ಚಿದರೆ ಹೂ ಉದುರುತ್ತದೆ. ಮೊದಲ ವರ್ಷ ನಾನು ಆರು ತಳಿಗಳನ್ನು ಮುಂಗಾರಿನಲ್ಲಿ ಬಿತ್ತಿ, ಕಾಗದದ ಚೀಟಿಯಲ್ಲಿ ಶಾಯಿಯಿಂದ ಹೆಸರು ಬರೆದಿದ್ದೆ. ಮಳೆಗೆ ಶಾಯಿ ಹೋಯಿತು, ಅಂಗಮಾರಿಗೆ ನಾಲ್ಕು ಗಿಡ ಹೋದವು. ಉಳಿದೆರಡು ಯಾವುವು ಎಂದು ಇಂದಿಗೂ ಗೊತ್ತಿಲ್ಲ. ಚಿತ್ರೀಕರಣದಲ್ಲಿ ಪ್ರತಿ ಶಾಟಿಗೂ ಫಲಕ ಹಿಡಿಸುವ ಮನುಷ್ಯ ಮಾಡಿದ ಕೆಲಸವಿದು.

ಬೀಜ ತೆಗೆಯುವ ಬಗೆ ಹೀಗೆ. ಚೆನ್ನಾಗಿ ಹಣ್ಣಾದ ಮೇಲೆ ತಿರುಳಿನ ಸಮೇತ ಬೀಜವನ್ನು ಗಾಜಿನ ಲೋಟಕ್ಕೆ ಹಿಂಡಿ ಎರಡು ಮೂರು ದಿನ ಬಿಡಿ. ಮೇಲೆ ಬೂಷ್ಟು ಕಟ್ಟಿ ನಾತ ಬರುತ್ತದೆ. ಮನೆಯವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ಬೀಜದ ಸುತ್ತಲಿನ ಲೋಳೆಯಲ್ಲಿ ಮೊಳಕೆಯನ್ನು ತಡೆಹಿಡಿಯುವ ಗುಣವಿದೆ. ಹುದುಗಿದಾಗ ಅದು ಕಳಚಿಕೊಳ್ಳುತ್ತದೆ. ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ, ಜೊಳ್ಳು ತೇಲುತ್ತದೆ. ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಿ, ಗಾಳಿಯಾಡದ ಶೀಶೆಯಲ್ಲಿ ತಂಪಾದ ಕಡೆ ಇಟ್ಟರೆ ಹಲವು ವರ್ಷ ಬಾಳುತ್ತದೆ. ಬಿಸಿಲೂ ತೇವವೂ ಇರುವ ಕಡೆ ಬಾಳುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ತಿಪಟೂರಿನ ಬಳಿಯ ನಮ್ಮ ಹಳ್ಳಿಮನೆಯಲ್ಲಿ ಬಚ್ಚಲ ನೀರು ಹರಿಯುವ ಕಡೆ ಅಮ್ಮನ ಗೂದೆಹಣ್ಣಿನ ಗಿಡಗಳಿದ್ದವು. ಅಂಗೈಯಷ್ಟು ಅಗಲ, ಕುಂಬಳದಂತೆ ಏಣುಗಳು, ಬಹಳ ಹುಳಿ. ಅಮ್ಮ ಬೀಜವನ್ನು ಬೂದಿಯಲ್ಲಿ ಹೊಸಕಿ, ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಅಟ್ಟಕ್ಕೆ ಸಿಕ್ಕಿಸುತ್ತಿದ್ದಳು. 2011ರಲ್ಲಿ ಮಂಡಿನೋವೆಂದು ಅವಳನ್ನು ಬೆಂಗಳೂರಿಗೆ ಕರೆತಂದೆ. ಮನೆಗೆ ಬೀಗ ಬಿತ್ತು. ಗಂಟು ಅಟ್ಟದಲ್ಲೇ ಉಳಿಯಿತು. ಅವಳು ಒಂದೆರಡು ಸಲ ನೆನಪಿಸಿದ್ದಳು. ನಾನು ಆಗಲಿ ಎಂದಿದ್ದೆ. 2019ರಲ್ಲಿ, ಅವಳು ಹೋದ ಮೇಲೆ, ಹೆಂಚು ಬದಲಿಸುವಾಗ ಗಂಟು ಸಿಕ್ಕಿತು. ಎಂಟು ಮಳೆಗಾಲ, ಎಂಟು ಬೇಸಿಗೆ ಕಂಡ ಬೀಜ. ಎಲ್ಲವನ್ನೂ ಬಿತ್ತಿದೆ. ಒಂದೂ ಮೊಳೆಯಲಿಲ್ಲ.

ನನ್ನ ಬಳಿ ಉಳಿದಿರುವುದು 2006ರ ಒಂದು ಟೇಪು. ಊರ ಕೆರೆಯ ಹೂಳಿನ ಬಗ್ಗೆ ಹಿರಿಯರೊಬ್ಬರನ್ನು ನಮ್ಮ ಹಿತ್ತಿಲಲ್ಲೇ ಕೂರಿಸಿ ಮಾತನಾಡಿಸಿದ್ದೆ. ಅವರ ಎಡಭುಜದ ಹಿಂದೆ ಆ ಗಿಡ, ಮೂರು ಹಣ್ಣು, ಸುಮಾರು ನಲವತ್ತು ಸೆಕೆಂಡು. ಏಣುಗಳು ಸ್ಪಷ್ಟವಾಗಿವೆ. ಬಣ್ಣವನ್ನು ನಂಬುವಂತಿಲ್ಲ, ಅಂದು ವೈಟ್ ಬ್ಯಾಲೆನ್ಸ್ ಸರಿ ಮಾಡಿರಲಿಲ್ಲ.

ಎರಡು ವರ್ಷಗಳ ಹಿಂದೆ ಊರ ಹಬ್ಬಕ್ಕೆ ಹೋದಾಗ ಮೂರು ಮನೆ ಆಚೆಯ ತಿಪ್ಪೆಯ ಅಂಚಿನಲ್ಲಿ ತಾನಾಗಿ ಹುಟ್ಟಿದ ಒಂದು ಟೊಮೇಟೊ ಗಿಡ ಕಂಡೆ. ಹಣ್ಣು ಚಪ್ಪಟೆ, ಏಣುಗಳೂ ಇದ್ದವು. ಆ ಮನೆಯ ಅಜ್ಜಿಯನ್ನು ಕೇಳಿದರೆ, ‘ನಿಮ್ಮಮ್ಮ ಎಲ್ಲರಿಗೂ ಕೊಡ್ತಿದ್ದಳಲ್ಲಪ್ಪ, ಅದೇ ಇರಬೇಕು’ ಎಂದಳು. ಸಂತೆಯ ಹಣ್ಣಿನ ಬೀಜ ತಿಪ್ಪೆಯಲ್ಲಿ ಮೊಳೆತದ್ದೂ ಇರಬಹುದು. ಟೇಪು ಹಾಕಿ ಹೋಲಿಸಿದೆ. ಏಣುಗಳ ಸಂಖ್ಯೆ ಹೆಚ್ಚು ಕಡಿಮೆ ಹೊಂದುತ್ತದೆ, ಆದರೆ ಅದು ಸಾಕ್ಷಿಯಾಗದು. ಬಿತ್ತಿದ ಎರಡು ಪೀಳಿಗೆಯಲ್ಲೂ ಗಿಡಗಳು ಒಂದೇ ರೀತಿ ಬಂದಿವೆ, ಚದುರಿಲ್ಲ. ಆದ್ದರಿಂದ ಮಿಶ್ರತಳಿಯದಲ್ಲ ಎಂದಷ್ಟೇ ಹೇಳಬಲ್ಲೆ.

ಈ ವರ್ಷದ ಬೀಜ ಒಣಗಿ ಶೀಶೆಗೆ ಹೋಗಿದೆ. ಈ ಸಲ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ, ಒಂದು ಶೀಶೆಯ ಒಳಗೆ, ಒಂದು ಹೊರಗೆ. ಊರಿನ ಹೆಸರು, ಕೊಟ್ಟವರ ಹೆಸರು, ಬಿತ್ತಿದ ತಿಂಗಳು, ಕೊಯ್ದ ತಿಂಗಳು. ತಳಿ ಎಂಬಲ್ಲಿ ‘ಗೂದೆಹಣ್ಣು’ ಎಂದಿದೆ. ಅದರ ಮುಂದೆ, ಆವರಣದಲ್ಲಿ, ‘ಅಮ್ಮನದಂತೆ’.